ಸಫೇದಿನ ಶನಿವಾರ ಸಂಜೆ: ಹೆಣೆದ ಬತ್ತಿಯ ಬೆಳಕು

ಉತ್ತರ ಇಸ್ರೇಲಿನ ಗಲಿಲಿ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಸಫೇದ್ ಪಟ್ಟಣವನ್ನು ನಾನು ತಲುಪಿದ್ದು ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ. ಮಧ್ಯಾಹ್ನ ಕಳೆದರೆ ಬಸ್ಸುಗಳು ನಿಲ್ಲುತ್ತವೆ, ಅಂಗಡಿಗಳು ಬಾಗಿಲು ಹಾಕುತ್ತವೆ, ಶನಿವಾರ ರಾತ್ರಿ ನಕ್ಷತ್ರಗಳು ಕಾಣುವವರೆಗೂ ಊರು ಹಾಗೆಯೇ ಇರುತ್ತದೆ ಎಂಬುದು ತಿಳಿದಿದ್ದರಿಂದಲೇ ಬೇಗ ಹೊರಟಿದ್ದೆ. ಯಹೂದಿಗಳ ಈ ಸಬ್ಬತ್ ವಿರಾಮ ಮುಗಿಯುವ ಕೆಲವೇ ನಿಮಿಷಗಳನ್ನು ನೋಡುವುದಕ್ಕಾಗಿ ನಾನು ಅಲ್ಲಿಗೆ ಹೋಗಿದ್ದೆ. ಆ ನಿಮಿಷಗಳಲ್ಲಿ ನಡೆಯುವ ವಿಧಿಗೆ ‘ಹವ್ದಾಲಾ’ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಬೇರ್ಪಡಿಸುವುದು ಎಂದರ್ಥ. ಪವಿತ್ರ ದಿನವನ್ನು ಉಳಿದ ದಿನಗಳಿಂದ ಬೇರ್ಪಡಿಸುವ ಈ ವಿಧಿಗೆ ದ್ರಾಕ್ಷಾರಸ, ಪರಿಮಳದ್ರವ್ಯ ಮತ್ತು ಬೆಂಕಿ ಬೇಕು. ಬೆಂಕಿಗಾಗಿ ಹಲವು ಎಳೆಗಳನ್ನು ಜಡೆಯಂತೆ ಹೆಣೆದ ಮೇಣದ ಬತ್ತಿಯನ್ನು ಬಳಸುತ್ತಾರೆ.

ಹಳೆಯ ಪೇಟೆಯ ಮೆಟ್ಟಿಲು ಬೀದಿಗಳಲ್ಲಿ, ನೀಲಿ ಬಣ್ಣದ ಬಾಗಿಲುಗಳ ನಡುವೆ ಇಳಿಯುತ್ತಿದ್ದಾಗ ಜೇನುಮೇಣದ ವಾಸನೆ ಮೊದಲು ಬಂದು, ಬತ್ತಿ ಮಾಡುವ ಕೋಣೆ ಆಮೇಲೆ ಕಾಣಿಸಿತು. ಒಳಗೆ ಒಬ್ಬ ಮಹಿಳೆ, ಬೆಚ್ಚಗಿದ್ದು ಇನ್ನೂ ಬಾಗುತ್ತಿದ್ದ ಆರು ತೆಳು ಬತ್ತಿಗಳ ತಲೆಗಳನ್ನು ಒಟ್ಟಿಗೆ ಒತ್ತಿ ಹಿಡಿದು ಹೆಣೆಯಲು ಕುಳಿತಿದ್ದರು. ಹೊರಗಿನ ಎಳೆಯನ್ನು ಎರಡರ ಮೇಲೆ ಹಾಯಿಸಿ ಒಂದರ ಕೆಳಗೆ ತೂರಿಸುವ ಆ ಕೈಗಳಿಗೆ ಅವಸರವೂ ಇರಲಿಲ್ಲ, ತಡವೂ ಇರಲಿಲ್ಲ. ಮೇಣ ಆರಿದರೆ ಎಳೆ ಬಿರುಕು ಬಿಡುತ್ತದೆ, ಹೆಚ್ಚು ಬಿಸಿಯಿದ್ದರೆ ಒಂದಕ್ಕೊಂದು ಕರಗಿ ಹೆಣಿಗೆಯ ಗುರುತೇ ಉಳಿಯುವುದಿಲ್ಲ; ಇವೆರಡರ ನಡುವಿನ ಸ್ವಲ್ಪ ಹೊತ್ತಿನಲ್ಲಿ ಜಡೆ ಮುಗಿಯಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯರು ಮಲ್ಲಿಗೆ ದಂಡೆ ಕಟ್ಟುವಾಗ ಹೂವನ್ನು ನೋಡದೆ ಬೆರಳಿನಿಂದಲೇ ಲೆಕ್ಕ ಹಿಡಿಯುವುದನ್ನು ಕಂಡವರಿಗೆ ಆ ಕೆಲಸದ ಬಿಗಿ ಅರ್ಥವಾದೀತು. ತುದಿಯಲ್ಲಿ ಆರೂ ನೂಲುಗಳನ್ನು ಅವರು ಬಿಡಿಬಿಡಿಯಾಗಿ ಹೊರಗೆ ಬಿಟ್ಟರು.

ಒಂದೇ ದಪ್ಪ ಬತ್ತಿ ಏಕೆ ಸಾಲದು ಎಂದು ಕೇಳಿದೆ. “ಅದು ದೀಪವಾಗುತ್ತದೆ, ನಮಗೆ ಬೇಕಾದದ್ದು ದೀವಟಿಗೆ” ಎಂಬರ್ಥದಲ್ಲಿ ಅವರು ಉತ್ತರಿಸಿದರು. ಈ ಮಾತಿನ ಬೇರು ಹಳೆಯದು. ಹವ್ದಾಲಾಕ್ಕೆ ದೀವಟಿಗೆಯೇ ಉತ್ತಮ ಎಂದು ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂದ್ ಹೇಳುತ್ತದೆ. ಸಫೇದಿನಲ್ಲೇ ಬಾಳಿದ ಯೋಸೆಫ್ ಕಾರೋ ಅವರ ‘ಶುಲ್ಹಾನ್ ಆರೂಖ್’, ಅಂದರೆ 1565ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಗಿ ಇಂದಿಗೂ ಯಹೂದಿ ಆಚರಣೆಗಳಿಗೆ ಆಧಾರವಾಗಿರುವ ಗ್ರಂಥ, ಅದನ್ನೇ ಮತ್ತೆ ವಿಧಿಸುತ್ತದೆ. ಜಡೆಬತ್ತಿ ಸಿಗದವರು ಎರಡು ಸಾಧಾರಣ ಬತ್ತಿಗಳನ್ನು ಕುಡಿಗೆ ಕುಡಿ ತಾಗಿಸಿ ಹಿಡಿಯುತ್ತಾರೆ. ಪ್ರಯಾಣದಲ್ಲಿರುವವರಿಗೆ ಎರಡು ಬೆಂಕಿಕಡ್ಡಿಗಳಾದರೂ ಸಾಕು. ಹೆಣಿಗೆ ಅಲಂಕಾರಕ್ಕಾಗಿ ಬಂದದ್ದಲ್ಲ, ಹಲವು ಕುಡಿಗಳು ಒಂದೇ ಜ್ವಾಲೆಯಾಗಲಿ ಎಂಬುದಕ್ಕಾಗಿ ಬಂದದ್ದು ಎಂದು ನನಗೆ ಸ್ಪಷ್ಟವಾದದ್ದು ಆ ಕೋಣೆಯಲ್ಲಿ.

ನನಗೆ ಉಳಿಯಲು ಜಾಗ ಕೊಟ್ಟಿದ್ದವರು ನಿವೃತ್ತ ಶಿಕ್ಷಕರೊಬ್ಬರ ಕುಟುಂಬದವರು. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಮನೆಯೊಡತಿ ಎರಡು ಬತ್ತಿಗಳನ್ನು ಹಚ್ಚಿ, ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸಿದರು. ಆ ಕ್ಷಣದಿಂದ ಆ ಮನೆಯಲ್ಲಿ ಯಾರೂ ಬೆಂಕಿ ಹಚ್ಚಲಿಲ್ಲ, ಆರಿಸಲೂ ಇಲ್ಲ. ವಿದ್ಯುದ್ದೀಪಗಳು ಮೊದಲೇ ಹೊಂದಿಸಿಟ್ಟ ಗಡಿಯಾರದ ಪ್ರಕಾರ ತಾವಾಗಿಯೇ ಉರಿದು ಆರುತ್ತಿದ್ದವು. ನಾನೂ ಫೋನನ್ನೂ ಕ್ಯಾಮೆರಾವನ್ನೂ ಚೀಲದ ತಳಕ್ಕೆ ಸೇರಿಸಿದೆ. ಶನಿವಾರ ಪ್ರಾರ್ಥನೆಯಲ್ಲಿ, ಊಟದಲ್ಲಿ, ಮೆರೋನ್ ಬೆಟ್ಟವನ್ನು ನೋಡುತ್ತಾ ಕುಳಿತದ್ದರಲ್ಲಿ ಕಳೆಯಿತು.

ಸಂಜೆ ಐದರ ಹೊತ್ತಿಗೆ ಮಾಳಿಗೆಯ ಮೇಲೆ ನಿಂತು ಶಿಕ್ಷಕರ ಮೊಮ್ಮಗಳು ಮೂರು ನಕ್ಷತ್ರಗಳನ್ನು ಎಣಿಸಿದಳು. ಪುರುಷರು ಪ್ರಾರ್ಥನಾಮಂದಿರದಿಂದ ಹಿಂತಿರುಗಿದ ಮೇಲೆ ಎಲ್ಲರೂ ಕತ್ತಲೆಯ ಕೋಣೆಯಲ್ಲಿ ಸುತ್ತುವರಿದು ನಿಂತೆವು. ಆ ಹುಡುಗಿಯೇ ಬತ್ತಿ ಹಿಡಿದಳು. ಎಷ್ಟು ಎತ್ತರಕ್ಕೆ ಹಿಡಿದರೆ ಅಷ್ಟು ಎತ್ತರದ ವರ ಸಿಗುತ್ತಾನೆಂಬ ನಂಬಿಕೆಯಿರುವುದರಿಂದ ಅವಳ ಅಜ್ಜಿ “ಇನ್ನೂ ಮೇಲೆ, ಇನ್ನೂ ಮೇಲೆ” ಎನ್ನುತ್ತಿದ್ದರು. ಕಡ್ಡಿ ಗೀರಿದಾಗ ಮೊದಲು ಒಂದು ನೂಲು ಹೊತ್ತಿತು, ಅದರಿಂದ ಪಕ್ಕದ್ದು, ಅದರಿಂದ ಮತ್ತೊಂದು; ಆರೂ ಹೊತ್ತಿದ ಮೇಲೆ ಜ್ವಾಲೆ ಸದ್ದು ಮಾಡುತ್ತಾ ಗೇಣುದ್ದ ಎದ್ದು, ಮೇಣ ಜಡೆಯ ತಗ್ಗುಗಳಲ್ಲಿ ಹರಿದು, ಕೈಗೆ ತಾಗದಂತೆ ಸುತ್ತಿದ್ದ ಬೆಳ್ಳಿಕಾಗದದ ಮೇಲೆ ತೊಟ್ಟಿಕ್ಕತೊಡಗಿತು. ಇಪ್ಪತ್ತೈದು ಗಂಟೆಗಳ ತರುವಾಯ ಆ ಮನೆಯಲ್ಲಿ ಮನುಷ್ಯರ ಕೈ ಹೊತ್ತಿಸಿದ ಮೊದಲ ಬೆಂಕಿ ಅದು.

ಶಿಕ್ಷಕರು ಬಟ್ಟಲು ತುಳುಕುವಂತೆ ದ್ರಾಕ್ಷಾರಸ ತುಂಬಿ ಮೊದಲ ಸ್ತುತಿಯನ್ನು ಹೇಳಿದರು. ಗೋಪುರದಾಕಾರದ ಪುಟ್ಟ ಬೆಳ್ಳಿ ಡಬ್ಬಿ ಕೈಯಿಂದ ಕೈಗೆ ಸಾಗಿತು. ಒಳಗಿದ್ದದ್ದು ಲವಂಗ ಮತ್ತು ದಾಲ್ಚಿನ್ನಿ. ಸಬ್ಬತ್ ದಿನ ಜೊತೆಗಿದ್ದ ಹೆಚ್ಚುವರಿ ಆತ್ಮವೊಂದು ಈಗ ಹೊರಟುಹೋಗುವುದರಿಂದ ಉಳಿದ ಆತ್ಮಕ್ಕೆ ಪರಿಮಳದ ಸಾಂತ್ವನ ಬೇಕು ಎಂದು ಅವರು ತಿಳಿಯುತ್ತಾರೆ. ಆಮೇಲೆ ಬೆಂಕಿಯ ಸ್ತುತಿ: ‘ಬೋರೇ ಮೆಓರೇ ಹಾಏಶ್’, ಬೆಂಕಿಯ ಬೆಳಕುಗಳನ್ನು ಸೃಷ್ಟಿಸುವವನು. ಎಲ್ಲರೂ ಜ್ವಾಲೆಯತ್ತ ಕೈ ಚಾಚಿದರು. ನಾನೂ ಚಾಚಿದೆ, ಮತ್ತು ಹುಟ್ಟಿದಾಗಿನಿಂದ ಮಂಗಳಾರತಿ ತೆಗೆದುಕೊಂಡ ಕೈಗಳು ತಾವಾಗಿಯೇ ಹಿಂದಿರುಗಿ ನನ್ನ ಕಣ್ಣುಗಳನ್ನು ಮುಟ್ಟಿದವು. ಉಳಿದವರಾರೂ ಹಾಗೆ ಮಾಡಲಿಲ್ಲ. ಅವರು ಬೆರಳುಗಳನ್ನು ಅಂಗೈಯೊಳಕ್ಕೆ ಮಡಚಿ, ಬೆಳಕಿನಲ್ಲಿ ಹೊಳೆಯುತ್ತಿದ್ದ ಉಗುರುಗಳನ್ನೂ ಅಂಗೈಯ ಮೇಲೆ ಬಿದ್ದ ಬೆರಳುಗಳ ನೆರಳನ್ನೂ ನೋಡುತ್ತಿದ್ದರು. ಕೊನೆಯ ಸ್ತುತಿ ಬೆಳಕನ್ನು ಕತ್ತಲೆಯಿಂದ, ಏಳನೆಯ ದಿನವನ್ನು ಕೆಲಸದ ಆರು ದಿನಗಳಿಂದ ಬೇರ್ಪಡಿಸಿದವನಿಗೆ ಸಲ್ಲಿತು. ತಟ್ಟೆಯಲ್ಲಿ ಚೆಲ್ಲಿದ ದ್ರಾಕ್ಷಾರಸಕ್ಕೆ ಬತ್ತಿಯ ತುದಿಯನ್ನು ಅದ್ದಿದಾಗ ಚುಂಯ್ ಎಂದು ಆರಿ, ಮೇಣ ಮತ್ತು ಹುಳಿ ಬೆರೆತ ಹೊಗೆ ಕೋಣೆಯನ್ನು ತುಂಬಿತು. “ಶಾವುಆ ತೋವ್”, ವಾರ ಒಳ್ಳೆಯದಾಗಲಿ, ಎಂದು ಒಬ್ಬರಿಗೊಬ್ಬರು ಹಾರೈಸಿದರು.

ನನ್ನ ಕೈಗಳನ್ನು ಗಮನಿಸಿದ್ದ ಶಿಕ್ಷಕರು ಚಹಾ ಕುಡಿಯುವಾಗ ಬಹಳ ಮೃದುವಾಗಿ ವಿವರಿಸಿದರು. “ಈ ಬೆಳಕಿಗೆ ನಾವು ನಮಸ್ಕರಿಸುವುದಿಲ್ಲ, ಅದನ್ನು ಬಳಸುತ್ತೇವೆ. ಬೆಳಕಿನಿಂದ ಏನಾದರೂ ಪ್ರಯೋಜನ ಪಡೆಯದೆ ಸ್ತುತಿ ಹೇಳುವಂತಿಲ್ಲ. ಉಗುರಿಗೂ ಚರ್ಮಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಂಡರೆ ಆ ಪ್ರಯೋಜನ ಸಿಕ್ಕಿದಂತೆ.” ಹನುಕ್ಕಾ ಹಬ್ಬದ ದೀಪಗಳಿಗೆ ಇದಕ್ಕೆ ತದ್ವಿರುದ್ಧವಾದ ನಿಯಮವಿದೆ, ಅವುಗಳನ್ನು ನೋಡಬಹುದು, ಅವುಗಳ ಬೆಳಕಿನಲ್ಲಿ ಕೆಲಸ ಮಾಡಬಾರದು. ಮೊದಲ ಸಬ್ಬತ್ ಮುಗಿದು ಕತ್ತಲೆಯಾದಾಗ ಆದಾಮನು ಹೆದರಿದನೆಂದೂ, ದೇವರು ಕೊಟ್ಟ ತಿಳಿವಳಿಕೆಯಿಂದ ಎರಡು ಕಲ್ಲುಗಳನ್ನು ಉಜ್ಜಿ ಬೆಂಕಿ ಪಡೆದನೆಂದೂ ಯಹೂದಿ ಪರಂಪರೆಯಲ್ಲಿ ಕಥೆಯಿದೆ. ಆ ಬತ್ತಿ ಕೆಲಸದ ವಾರಕ್ಕೆ ಹೊತ್ತಿಸುವ ಬೆಂಕಿಯಾದ್ದರಿಂದಲೇ, ವಾರದ ನಡುವೆ ಬರುವ ಸಾಧಾರಣ ಹಬ್ಬಗಳು ಮುಗಿದಾಗ ಬತ್ತಿ ಹಚ್ಚುವುದಿಲ್ಲ; ಹಬ್ಬದ ದಿನ ಉರಿಯುತ್ತಿರುವ ಬೆಂಕಿಯಿಂದ ಬೆಂಕಿ ಹಚ್ಚಿಕೊಂಡು ಅಡುಗೆ ಮಾಡಲು ಅನುಮತಿಯಿದೆ, ಬೆಂಕಿಯ ಮಟ್ಟಿಗೆ ಬೇರ್ಪಡಿಸಲು ಅಲ್ಲಿ ಏನೂ ಇರುವುದಿಲ್ಲ.

ಮಂಗಳಾರತಿಯ ಬೆಳಕನ್ನು ನಾನು ಕಣ್ಣಿಗೆ ಒತ್ತಿಕೊಳ್ಳುತ್ತೇನೆಯೇ ಹೊರತು ಅದರಲ್ಲಿ ನನ್ನ ಕೈಯನ್ನು ನೋಡಿಕೊಂಡವನಲ್ಲ. ನಾಳೆಯಿಂದ ಮತ್ತೆ ಕೆಲಸಕ್ಕೆ ಇಳಿಯುವ ಕೈ ಅದೇ ಎಂಬುದು ಆ ರಾತ್ರಿ ಮತ್ತೆ ಮತ್ತೆ ನೆನಪಾಯಿತು.

ಅಪ್ಪಣೆ ಪಡೆದು ಕ್ಯಾಮೆರಾ ಹೊರತೆಗೆಯುವ ಹೊತ್ತಿಗೆ ಜ್ವಾಲೆ ಆರಿ ಬಹಳ ಸಮಯವಾಗಿತ್ತು. ನನ್ನ ಬಳಿ ಇರುವ ಚಿತ್ರದಲ್ಲಿ ತಟ್ಟೆಯ ಕೆಂಪು ದ್ರಾಕ್ಷಾರಸ, ಅದರಲ್ಲಿ ತೇಲುತ್ತಿರುವ ಮೇಣದ ಬಿಲ್ಲೆಗಳು, ಕರಿಹಿಡಿದ ಆರು ನೂಲುಗಳು ಮತ್ತು ಬತ್ತಿಯನ್ನು ಒರೆಸಿ ಮುಂದಿನ ಶನಿವಾರಕ್ಕಾಗಿ ಕಾಗದದಲ್ಲಿ ಸುತ್ತುತ್ತಿರುವ ಹುಡುಗಿಯ ಕೈಗಳು ಮಾತ್ರ ಇವೆ.