ಸಿರಿಂಜ್ ಹಿಡಿದ ಕೈ ಯಾರದು?

ವಿಜಯಪುರದಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಓದಿದ ನಮ್ಮ ಬ್ಯಾಚಿನವರು ಈಗ ಎಲ್ಲೆಲ್ಲೋ ಇದ್ದಾರೆ. ಕೆಲವರು ಬೆಂಗಳೂರು, ಪುಣೆ, ಸೋಲಾಪುರ, ಕೆಲವರು ಕೊಲ್ಲಿ ದೇಶಗಳಲ್ಲಿ. ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದೇನೆ. ಫೋನಿನಲ್ಲಿ ಮಾತಿಗೆ ಕೂತರೆ ತಿರುಗಾಮುರುಗಾ ಒಂದೇ ಪಾಠ ನೆನಪಾಗುತ್ತದೆ. ನಾಲ್ಕನೇ ವರ್ಷದ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿದ್ದ ನೀತಿ ಮತ್ತು ಕಾನೂನಿನ ಪಾಠ. ಪುಸ್ತಕದಲ್ಲಿ ಅದು ಕೆಲವೇ ಪುಟ. ಪರೀಕ್ಷೆಯ ಹಿಂದಿನ ರಾತ್ರಿ ಓದಿದರೂ ನಡೆಯುತ್ತದೆ ಅಂತ ಸೀನಿಯರ್‌ಗಳು ಹೇಳಿದ್ದರು. ಆದರೆ ನಮಗೆ ಕಲಿಸಿದ ಮೇಡಂ ಅದನ್ನು ಕ್ಲಾಸಿನಲ್ಲಿ ಮುಗಿಸಲಿಲ್ಲ. ವಾರ್ಡಿಗೆ ಹೊತ್ತು ತಂದರು.

ಅವರದು ಒಂದು ಖಾಯಂ ಪ್ರಶ್ನೆ ಇತ್ತು. ಯಾವ ಔಷಧಿ, ಯಾಕೆ ಕೊಟ್ಟೆ ಅಂತ ಕೇಳಿದಾಗ ನಾವು ಸಹಜವಾಗಿ "ಡಾಕ್ಟರ್ ಹೇಳಿದ್ರು ಮೇಡಂ" ಅನ್ನುತ್ತಿದ್ದೆವು. ಅವರು ಸಿಟ್ಟಾಗುತ್ತಿರಲಿಲ್ಲ. "ಹೇಳಿದ್ದು ಅವರು ಖರೆ. ಸಿರಿಂಜ್ ಹಿಡಿದ ಕೈ ಯಾರದು ತಂಗಿ?" ಅಂತ ಕೇಳುತ್ತಿದ್ದರು. ಅಷ್ಟೇ. ಉತ್ತರ ಕೊಡದೆ ಮುಂದಿನ ಬೆಡ್‌ಗೆ ಹೋಗುವಂತಿರಲಿಲ್ಲ.

ಅವರು ಹೇಳಿದ ಒಂದು ಕೇಸ್ ನಮ್ಮಲ್ಲಿ ಯಾರೂ ಮರೆತಿಲ್ಲ. ದೆಹಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ 1993ರಲ್ಲಿ ಆದದ್ದು. ಸ್ಪ್ರಿಂಗ್ ಮೆಡೋಸ್ ಕೇಸ್ ಅಂತ ಕರೆಯುತ್ತಾರೆ. ಮಗುವಿಗೆ ಟೈಫಾಯ್ಡ್. ಡಾಕ್ಟರ್ ಬರೆದದ್ದು ಕ್ಲೋರಾಂಫೆನಿಕಾಲ್. ನರ್ಸ್ ಕೊಟ್ಟದ್ದು ಲಾರಿಯಾಗೊ, ಅಂದರೆ ಕ್ಲೋರೋಕ್ವಿನ್, ಮಲೇರಿಯಾದ ಔಷಧಿ, ಅದೂ ನೇರವಾಗಿ ನರಕ್ಕೆ. ತಾಯಿಯ ತೊಡೆಯ ಮೇಲೇ ಮಗು ಕುಸಿಯಿತು. ಜೀವ ಉಳಿಯಿತು, ಮೆದುಳು ಉಳಿಯಲಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯನ್ನೇ ಹೊಣೆ ಮಾಡಿತು. ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆ ತಾಯಿಗೆ 5 ಲಕ್ಷ ಪರಿಹಾರ. ಆ ನರ್ಸ್ ಯಾವ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲೂ ನೋಂದಣಿ ಆದವರಲ್ಲ ಅನ್ನುವುದೂ ವಿಚಾರಣೆಯಲ್ಲಿ ಹೊರಬಿತ್ತು. ಪರಿಹಾರ ಆಸ್ಪತ್ರೆ ಕೊಟ್ಟಿತು, ಹಾಗಂತ ನರ್ಸ್ ತಪ್ಪಿಸಿಕೊಂಡ ಹಾಗಲ್ಲ ಅಂತ ಮೇಡಂ ಬಿಡಿಸಿ ಹೇಳಿದರು. ಹಣ ಮಾಲೀಕ ಕೊಡಬಹುದು, ಕ್ರಿಮಿನಲ್ ಕೇಸ್ ಮಾತ್ರ ಸಿರಿಂಜ್ ಹಿಡಿದವರ ಹೆಸರಿಗೇ ಬರುತ್ತದೆ.

ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ. ಇದನ್ನು ಎಲ್ಲ ಕಾಲೇಜಿನಲ್ಲೂ ಬಾಯಿಪಾಠ ಮಾಡಿಸುತ್ತಾರೆ. ಮೇಡಂ ಇನ್ಸುಲಿನ್ ಸಿರಿಂಜ್ ಎರಡನ್ನು ಮೇಜಿನ ಮೇಲಿಟ್ಟು ಕಲಿಸಿದರು. ಕೆಂಪು ಮುಚ್ಚಳದ್ದು 40ರದು, ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ; ಕಿತ್ತಳೆ ಮುಚ್ಚಳದ್ದು 100ರದು. ನಮ್ಮಲ್ಲಿ 40ರ ಬಾಟಲಿಯೂ ಬರುತ್ತದೆ, 100ರದೂ ಬರುತ್ತದೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಯೊಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಆರ್ಡರ್ ಬರೆದ ಡಾಕ್ಟರ್ ಸರಿಯಾಗಿಯೇ 20 ಅಂತ ಬರೆದಿರುತ್ತಾರೆ. ಬೆಳಗಿನ ಜಾವ ರೋಗಿ ಬೆವತು ಪ್ರಜ್ಞೆ ತಪ್ಪಿದಾಗ "ಡಾಕ್ಟರ್ ಹೇಳಿದ್ರು" ಅಂದರೆ ಏನು ಅರ್ಥ? ರೋಗಿಗೆ ಕೆಡುಕು ಮಾಡಬೇಡ ಅನ್ನುವ ದೊಡ್ಡ ತತ್ವ ಆ ಮುಚ್ಚಳದ ಬಣ್ಣದಲ್ಲಿದೆ ಅಂತ ನನಗೆ ಅವತ್ತು ಗೊತ್ತಾಯಿತು.

ಕೇಸ್ ಶೀಟ್ ಬರೆಯುವ ವಿಷಯದಲ್ಲಂತೂ ಮೇಡಂ ಭಾಳ ಕಟ್ಟುನಿಟ್ಟು. ಮಾಡುವ ಮೊದಲೇ ಬರೆಯಬಾರದು. ವೈಟ್ನರ್ ಮುಟ್ಟಬಾರದು. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು, ಸಮಯ. ಫೋನಿನಲ್ಲಿ ಆರ್ಡರ್ ಬಂದರೆ ಮತ್ತೆ ಓದಿ ಹೇಳಿ ಖಾತ್ರಿ ಮಾಡಿಕೊಂಡು, ಡಾಕ್ಟರ್ ಬಂದ ಕೂಡಲೇ ಸಹಿ ಹಾಕಿಸಬೇಕು. ಕೋರ್ಟಿನಲ್ಲಿ ನಿಮ್ಮ ನೆನಪಿಗೆ ಬೆಲೆ ಇಲ್ಲ, ಶೀಟಿಗೆ ಇದೆ ಅನ್ನುತ್ತಿದ್ದರು. ವಿಜಯಪುರದ ಸುತ್ತಲಿನ ಹೊಲ, ದ್ರಾಕ್ಷಿ ತೋಟಗಳಿಂದ ಕ್ರಿಮಿನಾಶಕ ಕುಡಿದವರು ಬರುತ್ತಿದ್ದರಲ್ಲ, ಆಗ ಇದೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಪೊಲೀಸ್ ಕೇಸಿಗೆ ಸಾಕ್ಷ್ಯ ಅಂತ ಹೊಟ್ಟೆ ತೊಳೆದ ನೀರನ್ನು ಚೆಲ್ಲದೆ ಸೀಲ್ ಮಾಡಿ ಹೆಸರು ಬರೆದಿಡಬೇಕು, ಬಟ್ಟೆ ಎತ್ತಿಡಬೇಕು, ಎಷ್ಟೊತ್ತಿಗೆ ಬಂದರು ಯಾರು ಕರೆತಂದರು ಅಂತ ಬರೆಯಬೇಕು. ಆದರೆ ಪೊಲೀಸರು ಬರಲಿ ಅಂತ ಚಿಕಿತ್ಸೆ ಮಾತ್ರ ನಿಲ್ಲಿಸುವ ಹಾಗಿಲ್ಲ. ಪರಮಾನಂದ ಕಟಾರಾ ಕೇಸಿನಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮೊದಲು ಜೀವ, ಕಾಗದ ಆಮೇಲೆ.

ಒಪ್ಪಿಗೆ ಪತ್ರದ ವಿಷಯ ಹೇಳಲೇಬೇಕು. ಸರ್ಜಿಕಲ್ ವಾರ್ಡಿನಲ್ಲಿ ಇಂಡಿ ಕಡೆಯ ಒಬ್ಬ ಅಜ್ಜಿ ಇದ್ದರು. ಗರ್ಭಕೋಶದ ಆಪರೇಷನ್. ಮಗ ಬಂದವನೇ "ಎಲ್ಲಿ ಸಹಿ ಮಾಡ್ಬೇಕ್ರಿ ಸಿಸ್ಟರ್?" ಅಂತ ಪೆನ್ನು ತೆಗೆದ. ಅಲ್ಲಿ ಅದೇ ರೂಢಿ. ಗಂಡ ಅಥವಾ ಮಗ ಸಹಿ ಮಾಡುವುದು, ಅಜ್ಜಿ ಸುಮ್ನೆ ಮಲಗಿರುವುದು. ಮೇಡಂ ಅವನನ್ನು ಕೂರಿಸಿ ಅಜ್ಜಿಯ ಹತ್ತಿರ ಹೋದರು. "ಯಮ್ಮಾ, ನಿಮಗ ಏನ್ ಮಾಡ್ತಾರ ಗೊತ್ತದೇನ್ರಿ?" ಅಜ್ಜಿಗೆ ಗೊತ್ತಿರಲಿಲ್ಲ. ಹೊಟ್ಟೆಯೊಳಗಿನ ಗಂಟು ತೆಗೆಯುತ್ತಾರೆ ಅಂತಷ್ಟೇ ತಿಳಿದಿದ್ದರು. ಮೇಡಂ ಸರ್ಜನ್‌ಗೆ ಹೇಳಿ ಕಳಿಸಿದರು. ಅವರು ಬಂದು ಮತ್ತೆ ಎಲ್ಲ ವಿವರಿಸಿದರು, ಅಜ್ಜಿ ಎರಡು ಪ್ರಶ್ನೆ ಕೇಳಿದರು, ಆಮೇಲೆ ಹೆಬ್ಬೆಟ್ಟು ಒತ್ತಿದರು. ಮಗ ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದ.

ಪ್ರಜ್ಞೆ ಇರುವ, ತಿಳಿವಳಿಕೆ ಇರುವ, 18 ದಾಟಿದ ರೋಗಿಯ ಒಪ್ಪಿಗೆ ಅವಳದೇ. ಸಂತಾನಹರಣ ಆಪರೇಷನ್‌ಗೂ ಗಂಡನ ಸಹಿ ಬೇಕಾಗಿಲ್ಲ, ಗರ್ಭಪಾತಕ್ಕೂ ಬೇಕಾಗಿಲ್ಲ. ಆಪರೇಷನ್ ಏನು, ಅಪಾಯ ಏನು ಅಂತ ವಿವರಿಸುವುದು ಡಾಕ್ಟರ ಕೆಲಸ. ಆದರೆ ಅವಳಿಗೆ ಅರ್ಥ ಆಗಿದೆಯಾ ಅಂತ ನೋಡುವುದು, ಆಗಿಲ್ಲ ಅಂದರೆ ಅವರನ್ನು ವಾಪಸ್ ಕರೆಸುವುದು ನಮ್ಮ ಕೆಲಸ. ನಮ್ಮ ಕಡೆ ಲಂಬಾಣಿ, ಉರ್ದು, ಮರಾಠಿ ಮನೆಮಾತಿನವರು ಎಷ್ಟು ಜನ ಇದ್ದಾರೆ! ಅವರಿಗೆ ಕನ್ನಡದ ಫಾರಂ ಕೊಟ್ಟು ಹೆಬ್ಬೆಟ್ಟು ಹಾಕಿಸಿದರೆ ಅದು ಒಪ್ಪಿಗೆ ಅಲ್ಲ ಅಂತ ನಾನು ಇವತ್ತಿಗೂ ವಾದ ಮಾಡುತ್ತೇನೆ.

ಗುಟ್ಟು ಕಾಯುವುದೂ ಹೀಗೆಯೇ. ಟಂಟಂನಲ್ಲಿ, ಬಸ್‌ನಲ್ಲಿ, ಹಾಸ್ಟೆಲ್ ಮೆಸ್‌ನಲ್ಲಿ ರೋಗಿಯ ಮಾತು ಆಡಬಾರದು. ನಮ್ಮ ಊರುಗಳಲ್ಲಿ ಪಕ್ಕದ ಸೀಟಿನಲ್ಲಿ ಕೂತವರು ಅವರ ಬೀಗರೇ ಆಗಿರಬಹುದು. ಈ ಭಾಗದಲ್ಲಿ ಎಚ್‌ಐವಿ ಬಹಳ ಮನೆಗಳನ್ನು ಮುಟ್ಟಿದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅವರ ಒಪ್ಪಿಗೆ ಇಲ್ಲದೆ ಅದನ್ನು ಬಯಲು ಮಾಡುವಂತಿಲ್ಲ. ಕೇಸ್ ಶೀಟಿನ ಮೇಲೆ ಎಲ್ಲರಿಗೂ ಕಾಣುವಂತೆ ಕೆಂಪು ಗುರುತು ಹಾಕುವುದೂ ಗುಟ್ಟು ಒಡೆದ ಹಾಗೆಯೇ.

ನನ್ನ ನಿದ್ದೆ ಕೆಡಿಸಿದ್ದು ಹೆರಿಗೆ ಕೋಣೆಯ ಒಂದು ಪ್ರಕರಣ. 108ರಲ್ಲಿ ಒಬ್ಬ ಹುಡುಗಿ ಬಂದಳು. ತಾಯಿ ಕಾರ್ಡಿನಲ್ಲಿ ವಯಸ್ಸು 19. ನಾನು ನೋವಿನ ನಡುವೆ ಅವಳ ಸೊಂಟ ತಿಕ್ಕುತ್ತಾ ಮಾತಾಡಿಸುತ್ತಿದ್ದೆ. "ಹ್ವಾದ ವರ್ಷ ಒಂಬತ್ತನೇತ್ತ ಓದ್ತಿದ್ದೆ ಅಕ್ಕಾ" ಅಂದಳು. ಅತ್ತೆ ಹೊರಗಿನಿಂದ "ಹತ್ತೊಂಬತ್ತ ಅಂತ ಬರಕೊಳ್ರಿ ಬಾಯಾರ, ಕಾರ್ಡಿನಾಗ ಅದ ಅಲ್ಲ" ಅನ್ನುತ್ತಿದ್ದಳು. ಅಂದರೆ ಅವಳಿಗೆ 18 ತುಂಬಿರಲಿಕ್ಕಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇದು ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ನಾನು ಓಡಿ ಮೇಡಂಗೆ ಹೇಳಿದೆ.

ಅವರು ಮೊದಲು ಹೆರಿಗೆ ಆಗಲಿ ಅಂದರು. ಆಯಿತು, ಸುಸೂತ್ರವಾಗಿ. ಆಮೇಲೆ ಡಾಕ್ಟರಿಗೆ ತಿಳಿಸಿದರು, ಶಾಲೆಯ ದಾಖಲೆ ತರಿಸಿದರು, ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಯಿತು. ಆದರೆ ಅದಕ್ಕಿಂತ ಮುಂಚೆ ಮೇಡಂ ಹುಡುಗಿಯ ಮಂಚದ ಮೇಲೆ ಕೂತು, ನಾವು ಏನು ಮಾಡುತ್ತಿದ್ದೇವೆ, ಯಾಕೆ, ಯಾರು ಬಂದು ಏನು ಕೇಳುತ್ತಾರೆ ಅಂತ ಒಂದೊಂದಾಗಿ ಹೇಳಿದರು. ಅವಳು ಅತ್ತಳು. ಮನೆಯವರು ಕೂಗಾಡಿದರು. "ಇನ್ನ ಮ್ಯಾಲೆ ನಮ್ಮೂರಾಗ ಯಾರೂ ದವಾಖಾನಿಗಿ ಬರಂಗಿಲ್ಲ" ಅಂತ ಒಬ್ಬ ಹಿರಿಯರು ಹೇಳಿದ ಮಾತು ನನ್ನನ್ನು ಇನ್ನೂ ಕಾಡುತ್ತದೆ. ಯಾಕೆಂದರೆ ಅದು ಬರೀ ಬೆದರಿಕೆ ಅಲ್ಲ. ಪೊಲೀಸರ ಹೆದರಿಕೆಗೆ ಮನೆಯಲ್ಲೇ ಹೆರಿಗೆ ಮಾಡಿಸಿದರೆ ಸಾಯುವುದು ಅದೇ ಹುಡುಗಿ. ಕಾನೂನು ಪಾಲಿಸಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾನೂನು ಪಾಲಿಸಿದ ಮೇಲೆ ಆ ಹುಡುಗಿ ಮುಂದಿನ ಸಲ ನಮ್ಮ ಬಾಗಿಲಿಗೆ ಬರುವ ಹಾಗೆ ನಡೆದುಕೊಳ್ಳುವುದು ಯಾವ ಸೆಕ್ಷನ್‌ನಲ್ಲೂ ಬರೆದಿಲ್ಲ. ಅದನ್ನು ನಾನು ಕಲಿತದ್ದು ಆ ಮಂಚದ ಪಕ್ಕ ನಿಂತು.

ಈಗ ಓದುತ್ತಿರುವವರಿಗೆ ಒಂದು ಹೊಸ ವಿಷಯ. ನಮ್ಮ ಕಾಲದಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಐಪಿಸಿ 304ಎ, ಎಲ್ಲರಿಗೂ ಹೆಚ್ಚೆಂದರೆ 2 ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 106(1)ರಲ್ಲಿ ಶಿಕ್ಷೆ 5 ವರ್ಷದವರೆಗೆ ಏರಿದೆ. ನೋಂದಾಯಿತ ವೈದ್ಯರಿಗೆ ಮಾತ್ರ 2 ವರ್ಷದ ಮಿತಿ ಉಳಿದಿದೆ. ಆ ಪದಕ್ಕೆ ಅಲ್ಲಿ ಕೊಟ್ಟ ವಿವರಣೆಯಲ್ಲಿ ನರ್ಸ್‌ಗಳಿಲ್ಲ. ಒಂದೇ ರೋಗಿ, ಒಂದೇ ಕೋಣೆ, ಒಂದೇ ಚಿಕಿತ್ಸೆ, ಆದರೆ ನಮಗೆ ಬೇರೆ ಅಳತೆ. ಇದು ನ್ಯಾಯ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಸಂಘಟನೆಗಳು ಇದರ ಬಗ್ಗೆ ಇನ್ನೂ ಜೋರಾಗಿ ಮಾತಾಡಬೇಕು. ಒಬ್ಬಳೇ ನರ್ಸ್ ಮೇಲೆ ತುಂಬಿದ ವಾರ್ಡ್ ಬಿಟ್ಟು, ತಪ್ಪಾದಾಗ ಅವಳ ಕೈ ಮಾತ್ರ ತೋರಿಸುವುದು ಹೇಗೆ ಸರಿ?

ಕೊನೆಯ ಕ್ಲಾಸಿನಲ್ಲಿ ಮೇಡಂ ಅರುಣಾ ಶಾನಭಾಗರ ಬಗ್ಗೆ ಹೇಳಿದರು. ನಮ್ಮ ಉತ್ತರ ಕನ್ನಡದ ಹಳದೀಪುರದವರು, ಮುಂಬೈ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್‌ನಲ್ಲಿ ಆಸ್ಪತ್ರೆಯಲ್ಲೇ ಹಲ್ಲೆಗೆ ಒಳಗಾಗಿ ಎಚ್ಚರ ಇಲ್ಲದ ಸ್ಥಿತಿಗೆ ಹೋದರು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿ ಬಂದಾಗ ಆ ನರ್ಸ್‌ಗಳು ಬೇಡ ಅಂದರು. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತಿಗೆ ಬೆಲೆ ಕೊಟ್ಟು ಅರ್ಜಿ ತಳ್ಳಿಹಾಕಿತು.

ಕ್ಲಾಸಿನಲ್ಲಿ ನಾವೆಲ್ಲ ನರ್ಸ್‌ಗಳ ಪರ ಇದ್ದೆವು. ಐಸಿಯು ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿದೆ. ಮಲಗಿದವರಿಗೆ ಏನು ಬೇಕಿತ್ತು? ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರ ಅದನ್ನು ಮೊದಲೇ ಬರೆದಿಡಬಹುದು. 2023ರಲ್ಲಿ ದಾರಿ ಸುಲಭ ಆಯಿತು, ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದಕ್ಕೆ ಸುತ್ತೋಲೆ ಹೊರಡಿಸಿದೆ. ಆದರೂ "ಸಿಸ್ಟರ್, ಆ ಮಷೀನ್ ತೆಗೆದುಬಿಡ್ರಿ" ಅಂತ ಮನೆಯವರು ರಾತ್ರಿ ಪಾಳಿಯಲ್ಲಿ ನನ್ನ ಕೈ ಹಿಡಿದು ಕೇಳುತ್ತಾರೆ. ಅದನ್ನು ನಾನೂ ಮಾಡುವಂತಿಲ್ಲ, ಒಬ್ಬ ಡಾಕ್ಟರೂ ಮಾಡುವಂತಿಲ್ಲ. ಎರಡು ವೈದ್ಯರ ಮಂಡಳಿಗಳು ಒಪ್ಪಬೇಕು. ಇದನ್ನು ಅವರಿಗೆ ಮೆತ್ತಗೆ ಹೇಳುವುದು ಹೇಗೆ ಅಂತ ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆಗ ಇದೆಲ್ಲ ಇರಲೂ ಇಲ್ಲ.

ಈಗ ಓದುತ್ತಿರುವವರಿಗೆ ಇದು ಬೇಕು. ಮೇಡಂ, ಈ ವರ್ಷ ಆ ಪಾಠ ಶುರು ಮಾಡುವಾಗ ಒಂದು ಫೋನ್ ಮಾಡಿ. ಡ್ಯೂಟಿ ಹೊಂದಿಸಿಕೊಂಡು ಬಾಗಲಕೋಟೆಯಿಂದ ಬರುತ್ತೇನೆ. ಮುಂಚೆ ಬರೆದಿಡುವ ಇಚ್ಛಾಪತ್ರದ ಮಾದರಿಯನ್ನೂ ತರುತ್ತೇನೆ, ಕೂತು ಎಲ್ಲರೂ ಒಮ್ಮೆ ಓದೋಣ.