ಹಚ್ಚೆಯ ಉರಿ, ಆಮೇಲಿನ ತುರಿಕೆ

ಟ್ಯಾಟೂ ಅಂದ್ರೆ ಎಲ್ಲರೂ ಕೇಳೋದು ‘ತುಂಬಾ ನೋಯುತ್ತಾ?’ ಅಂತ. ನೋಯುತ್ತೆ. ಪಕ್ಕೆಲುಬು, ಪಾದ, ಮೊಣಕೈ ಗಂಟು, ಹೀಗೆ ಚರ್ಮದ ಕೆಳಗೇ ಮೂಳೆ ಸಿಗೋ ಕಡೆ ಜಾಸ್ತಿ. ಹೊಟ್ಟೆ ತುಂಬ ಊಟ ಮಾಡಿ ಕೂರಿ, ಖಾಲಿ ಹೊಟ್ಟೆಗೆ ತಲೆ ಸುತ್ತುತ್ತೆ. ಹಿಂದಿನ ದಿನ ಮದ್ಯ ಬೇಡ. ಸೂಜಿ ತಾಗುವಾಗ ಉಸಿರು ಬಿಗಿಹಿಡಿಯೋದೇ ದೊಡ್ಡ ತಪ್ಪು, ನಿಧಾನಕ್ಕೆ ಹೊರಗೆ ಬಿಡಿ.

ನಿಜವಾದ ಪರೀಕ್ಷೆ ಇರೋದು ಮನೆಗೆ ಬಂದಮೇಲೆ. ಸೂಜಿ ಶಾಯಿ ಬಿಡೋದು 1ರಿಂದ 2 ಮಿ.ಮೀ. ಆಳಕ್ಕೆ, ಅಂದ್ರೆ ಅದು ತೆರೆದ ಗಾಯವೇ. ಕೈ ತೊಳೆದುಕೊಂಡು, ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಸೋಪಿನಿಂದ ದಿನಕ್ಕೆ 2-3 ಸಲ ತೊಳೆಯಿರಿ. ಟವೆಲ್‌ನಲ್ಲಿ ಉಜ್ಜಬೇಡಿ, ಪೇಪರ್ ಟವೆಲ್ ಒತ್ತಿ ಒರೆಸಿ. ಮುಲಾಮು ತೆಳ್ಳಗೆ, ಚರ್ಮ ಮಿಣುಗುವಷ್ಟು ಸಾಕು. ದಪ್ಪಗೆ ಮೆತ್ತಿದರೆ ಹಕ್ಕಳೆ ನೆನೆದು ಮೆತ್ತಗಾಗಿ, ಬಟ್ಟೆಗೆ ಅಂಟಿ ಕಿತ್ತುಬರುತ್ತೆ, ಜೊತೆಗೆ ಬಣ್ಣವೂ.

ನಾಲ್ಕೈದನೇ ದಿನಕ್ಕೆ ಸಿಪ್ಪೆ ಏಳುತ್ತೆ. ಉದುರೋ ಚೂರುಗಳಲ್ಲಿ ಬಣ್ಣ ಕಂಡು ಗಾಬರಿಯಾಗೋದು ಬೇಡ, ಅದು ಮೇಲ್ಪದರದ್ದು. ಆದ್ರೆ ತುರಿಕೆ! ಉಗುರು ಹಾಕಿದ್ರೋ, ಅಲ್ಲೊಂದು ಬಿಳಿ ಮಚ್ಚೆ ಗ್ಯಾರಂಟಿ. ಅಂಗೈಯಿಂದ ಮೆಲ್ಲಗೆ ತಟ್ಟಿ.

ಈಜು, ಬಿಸಿಲು ಕನಿಷ್ಠ 2-3 ವಾರ ಬೇಡ. ಮೂರು ದಿನದ ಮೇಲೂ ಕೆಂಪು ಹರಡ್ತಿದ್ರೆ, ಕೀವು, ಜ್ವರ ಬಂದ್ರೆ ಟ್ಯಾಟೂ ಹಾಕಿದವರನ್ನ ಕೇಳ್ತಾ ಕೂರದೆ ಡಾಕ್ಟರ್ ಹತ್ರ ಹೋಗಿ.