ಎರಡು ಚಮಚ ಸರಿ

ಫೆಬ್ರವರಿ 2, 2025, ಭಾನುವಾರ, ರಾತ್ರಿ 10.40

ನಿನ್ನೆ ಪುಟ್ಟಿಗೆ ಆರು ತಿಂಗಳು ತುಂಬಿತು. ನಿನ್ನೆಯೇ ಮೊದಲ ಚಮಚ ರಾಗಿ ಸರಿ. ನಾಳೆಯಿಂದ ನನಗೆ ಕಚೇರಿ. ಈ ಮೂರೂ ಹೀಗೆ ಒಂದರ ಬೆನ್ನಿಗೆ ಒಂದು ಬಂದು ನಿಲ್ಲುತ್ತವೆಂದು ಜುಲೈನಲ್ಲಿ ರಜೆಯ ಅರ್ಜಿ ಬರೆಯುವಾಗ ಹೊಳೆದಿರಲಿಲ್ಲ. ಕಾನೂನು ಕೊಡುವುದು 26 ವಾರ. ಕಾಲು ಊದಿಕೊಂಡು ಹೆರಿಗೆಗೆ ಹತ್ತು ದಿನ ಮೊದಲೇ ಮನೆಯಲ್ಲಿ ಕುಳಿತೆನಲ್ಲ, ಅದೂ ಲೆಕ್ಕಕ್ಕೆ ಸೇರಿತು. ಗಳಿಕೆ ರಜೆಯ ಎರಡು ವಾರ ಕೂಡಿಸಿ ಇಲ್ಲಿಯವರೆಗೆ ಎಳೆದದ್ದಾಯಿತು. ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ ಎಂದಿದ್ದರು ಡಾಕ್ಟರು. ಅವರ ಆರು ತಿಂಗಳೂ ಕಾನೂನಿನ 26 ವಾರವೂ ಕಾಗದದ ಮೇಲೆ ಒಂದೇ. ನನ್ನ ಪಾಲಿಗೆ ಉಳಿದದ್ದು ಒಂದು ಶನಿವಾರ, ಒಂದು ಭಾನುವಾರ.

ಅತ್ತೆಯವರದು ಬೇರೆಯೇ ಲೆಕ್ಕ. ಹೆಣ್ಣು ಮಗುವಿಗೆ ಬೆಸ ತಿಂಗಳಲ್ಲಿ ಅನ್ನಪ್ರಾಶನ ಆಗಬೇಕು, ಐದರಲ್ಲೇ ಮುಗಿಸಬಹುದಿತ್ತು ಎಂದು ಡಿಸೆಂಬರಿನಿಂದ ಅರಸೀಕೆರೆಯಿಂದ ಫೋನು. ಕೊನೆಗೆ ನಾನೇ ಹೇಳಿದೆ: "ಅತ್ತೆ, ಆರು ತುಂಬಿತೆಂದರೆ ಏಳಕ್ಕೆ ಬಿತ್ತು. ಏಳು ಬೆಸವೇ ಅಲ್ಲವೇ?" ಆ ಕಡೆ ಒಂದು ಕ್ಷಣ ಮೌನ, ಆಮೇಲೆ ನಗು. ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲೇ ತಿನ್ನಿಸಬೇಕೆಂಬುದು ಅವರ ಆಸೆ. ಘಟ್ಟದ ತಿರುವುಗಳಲ್ಲಿ ಪುಟ್ಟಿಯನ್ನು ಎತ್ತಿಕೊಂಡು ಹೋಗುವ ಧೈರ್ಯ ನನಗೆ ಸದ್ಯಕ್ಕಿಲ್ಲ. ಬೇಸಿಗೆ ರಜೆಗೆ ಎಂದಿದ್ದೇನೆ. ನಾಲಿಗೆಗೆ ಜೇನು ಸವರುವುದು ಮಾತ್ರ ಬೇಡವೇ ಬೇಡ, ವರ್ಷ ತುಂಬುವವರೆಗೆ ಜೇನು ಮುಟ್ಟಿಸಬಾರದಂತೆ ಎಂದಾಗ ಅವರು ವಾದಿಸಲಿಲ್ಲ. ಅದು ನನಗೇ ಆಶ್ಚರ್ಯ.

ರಾಗಿಯ ಕೆಲಸ ಹಿಂದಿನ ವಾರವೇ ಶುರುವಾಗಿತ್ತು. ಅಮ್ಮ ಊರಿನಿಂದ ಬರುವಾಗಲೇ ಒಂದು ಕಿಲೋ ರಾಗಿ ಕಲ್ಲು ಆರಿಸಿ ತಂದಿದ್ದಳು. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಳು. ಮೈಸೂರಿನ ಈ ಚಳಿಗೆ ಮೊಳಕೆ ಒಂದೇ ದಿನಕ್ಕೆ ಬರಲಿಲ್ಲ. ಎರಡನೆಯ ದಿನ ಸಂಜೆ ಗಂಟು ಬಿಚ್ಚಿದರೆ ಕೆಂಪು ಕಾಳುಗಳ ಮೇಲೆ ಬಿಳಿಯ ನವಿರು ಎದ್ದಿತ್ತು. ನೆರಳಲ್ಲಿ ಆರಿಸಿ, ಸಣ್ಣ ಉರಿಯಲ್ಲಿ ಹುರಿದಾಗ ಬಂದ ವಾಸನೆಗೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ, ಬಾದಾಮಿ, ಗೋಡಂಬಿ, ಏಲಕ್ಕಿ, ಹುರಿಗಡಲೆ ಎಂದು ಸೇರಿಸಬೇಕಾದ್ದರ ಪಟ್ಟಿಯನ್ನೇ ಓದಿದರು. ಬೇಡ ಎಂದೆ. ಮೊದಲು ರಾಗಿಯೊಂದೇ. ಮೂರ್ನಾಲ್ಕು ದಿನ ನೋಡಿ ಆಮೇಲೆ ಹೆಸರುಬೇಳೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಕೊಟ್ಟು ನಾಳೆ ಮೈಮೇಲೆ ದದ್ದು ಎದ್ದರೆ ಯಾವುದನ್ನು ದೂರುವುದು?

ಗಿರಣಿಯವರ ಬಗ್ಗೆ ಬರೆಯಲೇಬೇಕು. ಡಬ್ಬಿ ಮುಂದಿಟ್ಟರೆ ಅವರು ಮುಚ್ಚಳ ತೆರೆದು ಮೂಸಿ, "ಮಗುವಿನದಾ? ಈಗ ಬೇಡಮ್ಮ, ಗೋಧಿ ಬೀಸಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ" ಎಂದರು. ಮರುದಿನ ತಮ್ಮದೇ ಎರಡು ಹಿಡಿ ರಾಗಿ ಹಾಕಿ ಯಂತ್ರ ಓಡಿಸಿ, ಆ ಹಿಟ್ಟನ್ನು ಬದಿಗಿಟ್ಟು, ಆಮೇಲೆ ನಮ್ಮದನ್ನು ಸುರಿದರು. ತಮ್ಮ ರಾಗಿಗೆ ಕಾಸು ತೆಗೆದುಕೊಳ್ಳಲಿಲ್ಲ. ಹೆಣ್ಣೋ ಗಂಡೋ ಎಂದೂ ಕೇಳಲಿಲ್ಲ.

ನಿನ್ನೆಯ ಮೊದಲ ಚಮಚದ ಕಥೆ ದೊಡ್ಡದೇನಲ್ಲ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಣ್ಣ ಗಾಢವಾಗಿ ಹೊಳಪು ಬರುವವರೆಗೆ ಬೇಯಿಸಿದೆ. ಉಪ್ಪಿಲ್ಲ, ಬೆಲ್ಲವಿಲ್ಲ. "ಸಪ್ಪೆಯಲ್ಲವೇನೇ" ಎಂದಳು ಅಮ್ಮ. ರುಚಿಯನ್ನೇ ಕಾಣದವಳಿಗೆ ಸಪ್ಪೆ ಎಲ್ಲಿಂದ ಬರಬೇಕು! ಪುಟ್ಟಿ ಮುಖ ಹಿಂಡಿದಳು, ನಾಲಿಗೆಯಿಂದ ಹೊರಗೆ ತಳ್ಳಿದಳು, ಮತ್ತೆ ಬಾಯಿ ತೆರೆದಳು. ಎರಡು ಚಮಚದಲ್ಲಿ ಒಳಗೆ ಹೋದದ್ದು ಅರ್ಧ ಚಮಚ ಇರಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಎಂದು ಹೋದ ವಾರವೆಲ್ಲ ಮನೆಯಲ್ಲಿ ಸಾರಿದವಳು ನಾನು. ನಿನ್ನೆ ಅದರ ಮುಕ್ಕಾಲು ಪಾಲು ಪುಟ್ಟಿಯ ಅಂಗಿಗೆ, ನನ್ನ ದುಪಟ್ಟಕ್ಕೆ ಸಂದಾಯವಾಯಿತು.

ಹದದ ವಿಷಯಕ್ಕೆ ಅಮ್ಮನಿಗೂ ನನಗೂ ಸಣ್ಣ ಜಟಾಪಟಿ. ಅವಳ ಪ್ರಕಾರ ಸರಿ ಎಂದರೆ ಗುಟುಕರಿಸುವಷ್ಟು ನೀರು. ಡಾಕ್ಟರು ಹೇಳಿದ್ದು, ಚಮಚ ಓರೆ ಮಾಡಿದರೂ ಸುರಿಯಬಾರದು. ನೀರಾದರೆ ಆ ಪುಟ್ಟ ಹೊಟ್ಟೆ ಬರೀ ನೀರಿಗೇ ತುಂಬಿಹೋಗುತ್ತದೆ. ಮೊಳಕೆಯ ಗುಟ್ಟು ಇಲ್ಲಿದೆ ಎಂದು ನನಗೆ ತಿಳಿದದ್ದೇ ಈಗ. ಮೊಳೆಯುವಾಗ ಕಾಳಿನೊಳಗೆ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಆ ಹಿಟ್ಟಿನ ಸರಿ ಬರಿಯ ರಾಗಿಯದರಷ್ಟು ಬಿಗಿಯುವುದಿಲ್ಲ, ಹಾಗಾಗಿ ಅದೇ ಬಟ್ಟಲಿನಲ್ಲಿ ಇನ್ನಷ್ಟು ಹಿಟ್ಟು ಹಿಡಿಸಬಹುದು. ಇದನ್ನು ಅಮ್ಮನಿಗೆ ವಿವರಿಸಿದೆ. "ಅದಕ್ಕೇ ತಾನೇ ಮೊಳಕೆ ಕಟ್ಟುವುದು" ಎಂದಳು, ಇಷ್ಟು ದಿನ ಗೊತ್ತಿರಲಿಲ್ಲವೇ ಎಂಬ ಹಾಗೆ.

ಅಮ್ಮ ಬೆಳ್ಳಿಯ ಒಳಲೆಯನ್ನೂ ತಂದಿದ್ದಳು. ನನಗೆ ಹಾಲು ಹಾಕಿದ್ದ ಒಳಲೆ, ತುದಿ ಸ್ವಲ್ಪ ಬಾಗಿದೆ. ಮಲಗಿಸಿಕೊಂಡು ಬಾಯಿಗೆ ಸುರಿದರೆ ನೆತ್ತಿಗೆ ಹತ್ತುತ್ತದೆ, ಕೂರಿಸಿಕೊಂಡು ಚಮಚದಲ್ಲೇ ಕೊಡಬೇಕು ಎಂದೆ. ಅವಳು ಅದನ್ನು ತೊಳೆದು ಒರೆಸಿ ದೇವರ ಗೂಡಿನಲ್ಲಿಟ್ಟಳು. ಏನೂ ಹೇಳಲಿಲ್ಲ.

ಹೇಳಿದ್ದು ಇವತ್ತು ಸಂಜೆ. ವಾರಕ್ಕಾಗುವಷ್ಟು ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದೆವು. ಪಾತ್ರೆಯ ಬಾಯಿಗೆ ತೆಳು ಬಟ್ಟೆ ಬಿಗಿದು, ಮೇಲೆ ಹಿಟ್ಟು ಹಾಕಿ, ಅಂಗೈಯಲ್ಲಿ ಮೆಲ್ಲಗೆ ಆಡಿಸುತ್ತ ಕೂರುವ ಕೆಲಸ. ಅರ್ಧ ಗಂಟೆ ಆಡಿಸಿದರೆ ಒಂದು ಲೋಟ ಇಳಿಯುತ್ತದೆ. ನಾನು ಕೆಳಗಿನ ಮನೆಯ ಹುಡುಗಿಯ ಮಾತೆತ್ತಿದೆ. ಅವಳು ನಾಲ್ಕನೆಯ ತಿಂಗಳಿಗೇ ಸರಿ ಶುರು ಮಾಡಿದಳಂತೆ, ಓದಿದವರೇ ಹೀಗೆ ಮಾಡಿದರೆ ಹೇಗೆ ಎಂದೆ. ಸ್ವಲ್ಪ ಜೋರಾಗಿಯೇ ಅಂದೆ.

"ನಿನಗೆ ಮೂರಕ್ಕೇ ಹಾಕಿದ್ದು" ಎಂದಳು ಅಮ್ಮ, ಕೈ ನಿಲ್ಲಿಸದೆ.

"ಮೂರು ತಿಂಗಳಿಗಾ?"

"ನನಗೆ ಕೊಟ್ಟದ್ದು ತೊಂಬತ್ತು ದಿನ. ಶಾಲೆಗೆ ಬಸ್ಸು ಬೆಳಿಗ್ಗೆ ಒಂದೇ, ಸಂಜೆ ಒಂದೇ. ನಡುವೆ ಬಂದು ಹಾಲು ಕೊಟ್ಟು ಹೋಗುವಷ್ಟು ಹತ್ತಿರವೇ ಅದು? ಹನ್ನೊಂದಾಗುತ್ತಿದ್ದ ಹಾಗೆ ಎದೆ ಕಲ್ಲಾಗುತ್ತಿತ್ತು. ಒಂದು ದಿನ ಮೂರನೆಯ ತರಗತಿಯ ಹುಡುಗನೊಬ್ಬ, ಮಿಸ್, ನಿಮ್ಮ ಸೆರಗು ಒದ್ದೆ ಎಂದ. ಆಮೇಲಿನಿಂದ ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಓಡಾಡಿದೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಬಟ್ಟೆಯ ಮೇಲೆ ಉಳಿದ ತೌಡನ್ನು ಅವಳು ತಟ್ಟೆಗೆ ಕೊಡವಿದಳು. ಅದನ್ನು ನಾಳೆ ರೊಟ್ಟಿಗೆ ಸೇರಿಸುತ್ತಾಳೆ, ಎಸೆಯುವುದಿಲ್ಲ.

"ಮೊದಲ ಸಲ ನಿನಗೆ ಸರಿ ತಿನ್ನಿಸಿದ್ದು ನಿಮ್ಮಜ್ಜಿ. ನನಗೆ ಯಾರೂ ಹೇಳಲಿಲ್ಲ. ಸಂಜೆ ಬಂದು ಎತ್ತಿಕೊಂಡೆ, ಕಿವಿಯ ಹಿಂದೆ ಏನೋ ಒಣಗಿ ಅಂಟಿತ್ತು. ಉಗುರಿನಲ್ಲಿ ಕೆರೆದು ಮೂಸಿ ನೋಡಿದೆ. ರಾಗಿ."

"ಅಜ್ಜಿಯನ್ನು ಕೇಳಲಿಲ್ಲವಾ?"

"ಏನೆಂದು ಕೇಳುವುದು? ಮಗು ಅತ್ತಿರಬೇಕು, ಹಾಕಿದರು. ಹಾಕದಿದ್ದರೆ ನಾನು ಕೆಲಸ ಬಿಡಬೇಕಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿಯೇ ತೊಳೆದಿದ್ದರು ಪಾಪ. ಕಿವಿಯ ಹಿಂದೆ ಮಾತ್ರ ಮರೆತಿದ್ದರು" ಎಂದಳು.

ಆರು ತಿಂಗಳು, ಆರು ತಿಂಗಳು ಎಂದು ನಾನು ಈ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಅವಳ ಎದುರಿಗೇ. ಅವಳು ಪ್ರತಿ ಸಲವೂ ಹೂಂ ಎಂದು ತಲೆ ಆಡಿಸಿದ್ದಳು.

ಇವತ್ತಿನ ಎರಡನೆಯ ಸರಿಯನ್ನು ಅವಳ ಕೈಯಲ್ಲೇ ತಿನ್ನಿಸಿದೆ. ಪುಟ್ಟಿ ನಿನ್ನೆಗಿಂತ ಹೆಚ್ಚು ತಿಂದಳು. ಅದಕ್ಕೆ ನನಗೆ ಖುಷಿಯಾಗಬೇಕಿತ್ತು. ಆಗಿಯೂ ಇದೆ. ಆದರೂ ಮಧ್ಯೆ ಒಮ್ಮೆ ಅವಳು ನನ್ನ ಕಡೆ ತಿರುಗಿಯೂ ನೋಡದೆ ಅಮ್ಮನ ಚಮಚಕ್ಕೆ ಬಾಯಿ ತೆರೆದಾಗ, ಬಟ್ಟೆ ಮಡಿಸುವ ನೆಪದಲ್ಲಿ ಎದ್ದು ಹೋದೆ.

ರಥಸಪ್ತಮಿಗೆ ಇನ್ನು ಎರಡೇ ದಿನ, ಚಳಿ ಮಾತ್ರ ಕಡಿಮೆಯಾಗಿಲ್ಲ. ಪುಟ್ಟಿಯ ಕಾಲುಚೀಲ ಒಣಗಿರುವುದು ಒಂದೇ. ಇನ್ನೊಂದು ಎಲ್ಲಿ ಹೋಯಿತೋ.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಬೇಕೆಂದು ಕುಳಿತೆ. ಒಂದು: ಹಿಂಡಿಟ್ಟ ಹಾಲು ಮೇಲಿನ ಅರೆಯಲ್ಲಿದೆ, ನೇರ ಒಲೆಯ ಮೇಲಿಡಬೇಡ, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡು. ಎರಡು: ಸರಿ ಆಗಾಗಿನದು ಆಗಲೇ, ಉಳಿದದ್ದು ಸಂಜೆಗೆ ಬೇಡ. ಮೂರು: ಬಾಯಿ ತಿರುಗಿಸಿದರೆ ಒತ್ತಾಯ ಬೇಡ. ಬರೆದು ನೋಡಿದರೆ, ಇಬ್ಬರು ಮಕ್ಕಳನ್ನು ಬೆಳೆಸಿ ಮೂವತ್ತು ವರ್ಷ ಪಾಠ ಹೇಳಿದವಳಿಗೆ ನಾನು ಬರೆದ ಚೀಟಿ ಇದು. ಹರಿದೆ. ಆಮೇಲೆ ಹಾಲಿನದನ್ನು ಮಾತ್ರ ಮತ್ತೆ ಬರೆದೆ, ಫ್ರೀಜರ್ ಅವಳಿಗೆ ಹೊಸದು.

ಹನ್ನೆರಡೂವರೆಗೆ ಅಮ್ಮ ಸರಿ ಕದಡುತ್ತಾಳೆ. ಆ ಹೊತ್ತಿಗೆ ನಾನು ಮೇಜಿನ ಮುಂದೆ, ಆರು ತಿಂಗಳ ಕಡತಗಳ ನಡುವೆ. ಹಾಲು ಹಿಂಡಲು ಅಲ್ಲಿ ಜಾಗ ಎಲ್ಲಿದೆ ಎಂದು ಯಾರನ್ನು ಕೇಳುವುದು? ದಾಸ್ತಾನು ಕೋಣೆಗೆ ಒಳಗಿನಿಂದ ಅಗುಳಿ ಇತ್ತೋ ಇಲ್ಲವೋ